ಕ್ಯೂಜಿಐಎಸ್ ಲೇಔಟ್: ಲೆಜೆಂಡ್ ಸ್ಪಷ್ಟವಾಗಿ ಕಾಣುವಂತೆ ಮಾಡುವುದು ಹೇಗೆ?

ಪ್ರಶ್ನೆ
ನಕ್ಷೆ ತಯಾರಿಸುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಎ4 ಹಾಳೆಗೆ ಜನಸಾಂದ್ರತೆಯ ನಕ್ಷೆ, ಗ್ರಾಜುಯೇಟೆಡ್ ಸ್ಟೈಲ್ (ಮೌಲ್ಯಕ್ಕೆ ತಕ್ಕ ಬಣ್ಣ), ಕ್ವಾಂಟೈಲ್ ಮೋಡ್ (ಪ್ರತಿ ಕ್ಲಾಸಿಗೂ ಹೆಚ್ಚುಕಡಿಮೆ ಅಷ್ಟೇ ಪ್ರದೇಶಗಳು), ಒಂಬತ್ತು ಕ್ಲಾಸ್. ಲೆಜೆಂಡ್‌ನಲ್ಲಿ (ಬಣ್ಣಗಳ ಅರ್ಥ ಹೇಳುವ ಸೂಚಿ) 112.3846 - 187.9024 ಅಂತ ಉದ್ದುದ್ದ ಸಂಖ್ಯೆಗಳು ಬರುತ್ತಿವೆ. ತುಂಡುಗೆರೆಯ ಗಡಿ ಅಲ್ಲಿ ಮಾತ್ರ ಅಖಂಡ ಗೆರೆಯಾಗಿ ಕಾಣುತ್ತಿದೆ. ಕೆಳಗೆ ಬೇಸ್‌ಮ್ಯಾಪ್ (ಹಿನ್ನೆಲೆ ನಕ್ಷೆ) ಇರುವುದರಿಂದ ಲೇಯರ್ ಒಪಾಸಿಟಿ (ಅಪಾರದರ್ಶಕತೆ) 60% ಇಟ್ಟಿದ್ದೇನೆ. ನಕ್ಷೆಯ ಬಣ್ಣಕ್ಕೂ ಲೆಜೆಂಡ್ ಬಣ್ಣಕ್ಕೂ ತಾಳೆಯೇ ಆಗುತ್ತಿಲ್ಲ. ಆಟೋ ಅಪ್‌ಡೇಟ್ (ಲೇಯರ್ ಬದಲಾದಂತೆ ಲೆಜೆಂಡ್ ತಾನೇ ಬದಲಾಗುವ ಆಯ್ಕೆ) ತೆಗೆದು ಎಲ್ಲವನ್ನೂ ಕೈಯಲ್ಲೇ ತಿದ್ದಬೇಕೇ?

ಉತ್ತರ 1
ಬೇಡ ಸರ್. ಲೆಜೆಂಡ್‌ನಲ್ಲಿ ತಿದ್ದುವುದು ಕೊನೆಯ ಕೆಲಸ, ಮೊದಲು ಲೇಯರ್‌ನಲ್ಲೇ ಸರಿ ಮಾಡಿ. ಲೇಯರ್ ಪ್ಯಾನೆಲ್‌ನಲ್ಲಿ ಎಫ್2 ಒತ್ತಿ ಓದುಗರಿಗೆ ಅರ್ಥವಾಗುವ ಹೆಸರು ಕೊಡಿ, ಮಾನವನ್ನೂ ಅಲ್ಲೇ ಸೇರಿಸಿ: "ಜನಸಾಂದ್ರತೆ (ಪ್ರತಿ ಚ.ಕಿ.ಮೀ.ಗೆ)". ಡಿಸ್ಕ್‌ನಲ್ಲಿರುವ ಫೈಲಿನ ಹೆಸರು ಬದಲಾಗುವುದಿಲ್ಲ.

ಸಂಖ್ಯೆಗಳಿಗೆ ಸಿಂಬಾಲಜಿಯಲ್ಲಿ (ಲೇಯರ್ ಬಣ್ಣ, ಶೈಲಿಯ ಸೆಟ್ಟಿಂಗ್) ಪ್ರಿಸಿಶನ್ (ದಶಮಾಂಶದ ಅಂಕೆಗಳು) 0 ಮಾಡಿ ಅಂತ ಬಹಳ ಜನ ಹೇಳುತ್ತಾರೆ. ಅದರಿಂದ ಬದಲಾಗುವುದು ಲೇಬಲ್ ಮಾತ್ರ, ಕ್ಲಾಸಿನ ಗಡಿ ಅಲ್ಲ. ಗಡಿ 187.9 ಇದ್ದು ಲೇಬಲ್ 188 ಎಂದಿದ್ದರೆ, 187.95 ಇರುವ ಪ್ರದೇಶ ಮುಂದಿನ ಕ್ಲಾಸಿನ ಬಣ್ಣ ಪಡೆಯುತ್ತದೆ; ಲೆಜೆಂಡ್ ನೋಡಿದವರಿಗೆ ಅದು ತಪ್ಪು. ಹಾಗಾಗಿ ಗಡಿಯನ್ನೇ ದುಂಡು ಸಂಖ್ಯೆ ಮಾಡಿ. ವ್ಯಾಲ್ಯೂಸ್ ಕಾಲಂ ಮೇಲೆ ಡಬಲ್ ಕ್ಲಿಕ್ ಮಾಡಿ 190 ಕೊಡಿ. "ಲಿಂಕ್ ಕ್ಲಾಸ್ ಬೌಂಡರೀಸ್" ಟಿಕ್ ಇದ್ದರೆ ಪಕ್ಕದ ಕ್ಲಾಸೂ ತಾನೇ ಹೊಂದಿಕೊಳ್ಳುತ್ತದೆ. ಪ್ರೆಟಿ ಬ್ರೇಕ್ಸ್ ಮೋಡ್ ಆದರೆ ದುಂಡು ಸಂಖ್ಯೆಗಳೇ ಬರುತ್ತವೆ, ಆದರೆ ಕ್ವಾಂಟೈಲ್‌ನ ಸಮಹಂಚಿಕೆ ಉಳಿಯುವುದಿಲ್ಲ.

ಎರಡು ಕ್ಲಾಸಿನ ಗಡಿಯಲ್ಲೂ 190 ಬಂದಾಗ, ಸರಿಯಾಗಿ 190 ಇರುವ ಪ್ರದೇಶ ಪಟ್ಟಿಯಲ್ಲಿ ಮೊದಲು ಬರುವ ಕ್ಲಾಸಿಗೆ ಸೇರುತ್ತದೆ. ದಶಮಾಂಶದ ಡೇಟಾ ಆದರೆ "190ಕ್ಕಿಂತ ಹೆಚ್ಚು, 250ರವರೆಗೆ" ಅಂತ ಬರೆಯುವುದು ಲೇಸು.

ಒಂಬತ್ತು ಕ್ಲಾಸ್ ಹೆಚ್ಚಾಯಿತು. ಒಂದೇ ಬಣ್ಣದ ಛಾಯೆಗಳಲ್ಲಿ ಐದು, ತಪ್ಪಿದರೆ ಆರು. ಅದರ ಮೇಲೆ ಅಕ್ಕಪಕ್ಕದ ಛಾಯೆಗಳನ್ನು ಗುರುತಿಸುವುದೇ ಕಷ್ಟ.

ಉತ್ತರ 2
ತುಂಡುಗೆರೆಯ ಕಾರಣ ಸರಳ: ಸಿಂಬಲ್ ಅಗಲ ತಾನಾಗಿ 7 ಮಿ.ಮೀ. ಇರುತ್ತದೆ. ನಿಮ್ಮ ಡ್ಯಾಶ್ ಅದಕ್ಕಿಂತ ಉದ್ದವಿದ್ದರೆ ಒಂದೇ ತುಂಡು ಪೂರ್ತಿ ಜಾಗ ತುಂಬುತ್ತದೆ. ಐಟಂ ಪ್ರಾಪರ್ಟೀಸ್‌ನಲ್ಲಿ 12–15 ಮಾಡಿ ನೋಡಿ. ಹ್ಯಾಚ್ ತುಂಬಿದ ಪಾಲಿಗಾನ್‌ಗೂ ಇದೇ ತೊಂದರೆ: ಗೆರೆಗಳ ಅಂತರ 5 ಮಿ.ಮೀ., ಪೆಟ್ಟಿಗೆಯ ಎತ್ತರ 4 ಆದರೆ ಒಂದೋ ಎರಡೋ ಗೆರೆಯಷ್ಟೇ ಕಾಣುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ, 60% ಬಣ್ಣ ಲೆಜೆಂಡ್‌ನಲ್ಲಿ ಬಿಳಿಯ ಮೇಲೆ ಕೂರುತ್ತದೆ, ನಕ್ಷೆಯಲ್ಲಿ ಬೇಸ್‌ಮ್ಯಾಪ್ ಮೇಲೆ. ತಾಳೆ ಹೇಗಾದೀತು? ಒಪಾಸಿಟಿ 100% ಮಾಡಿ, ರಸ್ತೆ, ನದಿ, ಊರ ಹೆಸರು ಬೇಕಿದ್ದರೆ ಅವನ್ನು ಪ್ರತ್ಯೇಕ ಲೇಯರ್ ಆಗಿ ಮೇಲಿಡಿ. ಅರೆಪಾರದರ್ಶಕ ಕೋರೋಪ್ಲೆತ್ (ಪ್ರದೇಶಗಳಿಗೆ ಮೌಲ್ಯದಂತೆ ಬಣ್ಣ ತುಂಬಿದ ನಕ್ಷೆ) ಚೆಂದ ಕಾಣಬಹುದು, ಆದರೆ ಓದಲು ಬಾರದು. ಆಮೇಲೆ ವ್ಯೂ ಮೆನುವಿನ ಪ್ರಿವ್ಯೂನಲ್ಲಿ ಗ್ರೇಸ್ಕೇಲ್ ಮತ್ತು ವರ್ಣಾಂಧತೆಯ ಸಿಮ್ಯುಲೇಶನ್ ಎರಡನ್ನೂ ಒಮ್ಮೆ ನೋಡಿ.

ಪ್ರಶ್ನೆ ಕೇಳಿದವರು
ಐದು ಕ್ಲಾಸ್ ಮಾಡಿದೆ, ಬಣ್ಣವೂ ಸರಿಹೋಯಿತು, ಧನ್ಯವಾದ. ಬೇಸ್‌ಮ್ಯಾಪ್ ಹೆಸರು ಲೆಜೆಂಡ್‌ನಲ್ಲಿ ಬೇಡ. ಇದನ್ನೇ ಅಟ್ಲಾಸ್ (ಪ್ರದೇಶಕ್ಕೊಂದು ಪುಟದ ನಕ್ಷೆಗಳ ಸರಣಿ) ಮಾಡಿದರೆ ಪುಟದಲ್ಲಿ ಇಲ್ಲದ ಕ್ಲಾಸ್‌ಗಳನ್ನು ಮರೆಮಾಡಬಹುದೇ?

ಉತ್ತರ 3
ಬೇಸ್‌ಮ್ಯಾಪ್ ತೆಗೆಯಲು ಆಟೋ ಅಪ್‌ಡೇಟ್ ಟಿಕ್ ತೆಗೆದು, ಅದನ್ನು ಆರಿಸಿ ಮೈನಸ್ ಒತ್ತಿ. ಅಷ್ಟಕ್ಕೇ ನಿಲ್ಲಿಸಿ. ಕ್ಲಾಸ್ ಲೇಬಲ್‌ಗಳನ್ನು ಇಲ್ಲಿ ತಿದ್ದಿದರೆ ಆ ಬರಹ ಕ್ಲಾಸಿನ ಕ್ರಮಸಂಖ್ಯೆಗೆ ಅಂಟಿಕೊಳ್ಳುತ್ತದೆ. ನಾಳೆ ಸಿಂಬಾಲಜಿಯಲ್ಲಿ ನಡುವೆ ಹೊಸ ಕ್ಲಾಸ್ ಸೇರಿಸಿದರೆ ಮೂರನೆಯದರ ಬರಹ ಬೇರೊಂದರ ಪಕ್ಕ ಕೂತಿರುತ್ತದೆ. ಯಾರೂ ಗಮನಿಸದೆ ಪ್ರಿಂಟ್‌ಗೆ ಹೋಗುವ ತಪ್ಪು ಇದು. "ಅಪ್‌ಡೇಟ್ ಆಲ್" ಒತ್ತಿದರಂತೂ ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ.

ಕ್ಲಾಸ್ ಮರೆಮಾಡಲು "ಓನ್ಲಿ ಶೋ ಐಟಮ್ಸ್ ಇನ್‌ಸೈಡ್ ಲಿಂಕ್ಡ್ ಮ್ಯಾಪ್ಸ್" ಇದೆ, ಲೆಜೆಂಡ್ ಸರಿಯಾದ ಮ್ಯಾಪ್‌ಗೆ ಲಿಂಕ್ ಆಗಿರಬೇಕು. ಭೂಬಳಕೆಯಂಥ ಹೆಸರಿನ ವರ್ಗಗಳಿಗೆ ಬಹಳ ಉಪಯುಕ್ತ. ಸಾಂದ್ರತೆಗೆ ಮಾತ್ರ ಬೇಡ ಅನ್ನುತ್ತೇನೆ. ಒಂದು ಪುಟದಲ್ಲಿ ಮೂರು ಛಾಯೆ, ಇನ್ನೊಂದರಲ್ಲಿ ಎರಡೇ ಇದ್ದರೆ ಈ ಪುಟದ ಗಾಢ ಬಣ್ಣ ಇಡೀ ಶ್ರೇಣಿಯಲ್ಲಿ ಎಲ್ಲಿದೆ ಅಂತ ಗೊತ್ತಾಗದು. ದೊಡ್ಡ ಲೇಯರ್‌ಗಳಲ್ಲಿ ಲೇಔಟ್ ನಿಧಾನವೂ ಆಗುತ್ತದೆ.

ಜಾಗ ಸಾಲದಿದ್ದರೆ ಕಾಲಂ 2 ಮಾಡಿ, ಜೊತೆಗೆ "ಸ್ಪ್ಲಿಟ್ ಲೇಯರ್ಸ್" ಟಿಕ್ ಹಾಕಿ. ಇಲ್ಲದಿದ್ದರೆ ಒಂದು ಲೇಯರ್‌ನ ಕ್ಲಾಸ್‌ಗಳೆಲ್ಲ ಒಂದೇ ಕಾಲಂನಲ್ಲಿ ಉಳಿಯುತ್ತವೆ. ಉದ್ದದ ಹೆಸರು ಒಡೆಯಲು "ರ‍್ಯಾಪ್ ಟೆಕ್ಸ್ಟ್ ಆನ್" ಜಾಗದಲ್ಲಿ | ಕೊಟ್ಟು, ಲೇಯರ್ ಹೆಸರಿನಲ್ಲಿ ಬೇಕಾದ ಕಡೆ ಅದೇ ಚಿಹ್ನೆ ಹಾಕಿ.