ಕುಳ್ಳ ಕಯಾಕ್ ಹರಿಹರದಲ್ಲಿ ನೇರ ಹೋಗ್ತಿಲ್ಲ, ಸ್ಕೆಗ್ (ಅಡಿಯಲ್ಲಿ ಹಿಂದೆ ಇರುವ ರೆಕ್ಕೆ) ಹಾಕಿಸಬೇಕಾ?

ಬೆಣ್ಣೆನಗರಿ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 8 ಅಡಿಯ ವೈಟ್‌ವಾಟರ್ (ರಭಸದ ನೀರಿನ) ಕಯಾಕ್ ಇದೆ, ಸೆಕೆಂಡ್ ಹ್ಯಾಂಡ್. ಗಣೇಶಗುಡಿಯಲ್ಲಿ ಕಾಳಿ ನದಿಗೆ ಇಳಿಸಿದರೆ ಹೇಳಿದ ಹಾಗೆ ಕೇಳುತ್ತದೆ. ಅದನ್ನೇ ಹರಿಹರದಲ್ಲಿ ತುಂಗಭದ್ರೆಗೆ ಹಾಕಿದರೆ ಎರಡು ಸಲ ಹುಟ್ಟು ಹಾಕುವಷ್ಟರಲ್ಲಿ ಮೂತಿ ಪಕ್ಕಕ್ಕೆ ತಿರುಗಿರುತ್ತದೆ. ಸರಿ ಮಾಡಲು ಹೋದರೆ ಆ ಕಡೆ ತಿರುಗುತ್ತದೆ. ದಡದಲ್ಲಿ ಬಟ್ಟೆ ಒಗೆಯುವವರಿಗೆ ಒಳ್ಳೆ ಮನರಂಜನೆ. ಈ ಮಳೆಗಾಲ ಕಾರಿನ ಮೇಲೆ ಕಟ್ಟಿಕೊಂಡು ಸೀತಾನದಿ, ಭದ್ರಾ, ಕಾಳಿ ಎಲ್ಲ ಸುತ್ತುವ ಯೋಚನೆ ಇದೆ. ದಾವಣಗೆರೆಯಲ್ಲಿ ಒಬ್ಬರು ವೆಲ್ಡಿಂಗ್‌ನವರು ಸ್ಕೆಗ್ ಥರ ಅಲ್ಯೂಮಿನಿಯಂ ಪಟ್ಟಿ ಮಾಡಿಕೊಡ್ತೀನಿ ಅಂದಿದ್ದಾರೆ. ದೋಣಿಯ ಅಡಿಗೆ ಬೋಲ್ಟ್ ಹಾಕಿ ಕೂರಿಸಿದರೆ ಸರಿಹೋಗುತ್ತಾ?

ಹೊಳೆದಂಡೆ:
ಬೇಡ ಸರ್, ತೂತು ಹೊಡೆಸಬೇಡಿ. ಆ ದೋಣಿ ಇರುವುದೇ ತಿರುಗಲಿಕ್ಕೆ. ಅದರ ಅಡಿ ಚಪ್ಪಟೆ, ಎರಡೂ ತುದಿ ಮೇಲಕ್ಕೆ ಬಾಗಿರುತ್ತವೆ. ನೀರಿಗೆ ತಾಗುವ ಉದ್ದ ಕಡಿಮೆ. ಕಾಳಿಯಲ್ಲಿ ನಿಮಗೆ ಖುಷಿ ಕೊಟ್ಟದ್ದೂ ಹರಿಹರದಲ್ಲಿ ಸತಾಯಿಸಿದ್ದೂ ಇದೇ ಗುಣ. ಕದಲದ ಸ್ಕೆಗ್ ಹಾಕಿ ರಭಸದ ನೀರಿಗೆ ಹೋದರೆ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ದೋಣಿ ಅಡ್ಡ ಜಾರುವಾಗ ಅದೇ ಎಡವಿ ಮಗುಚಿಸುತ್ತದೆ. ಬೇಕಾದಾಗ ಇಳಿಸಿ, ಬೇಡವಾದಾಗ ಎತ್ತುವ ಸ್ಕೆಗ್ ಇರುವ ಕ್ರಾಸ್‌ಓವರ್ (ನಿಂತ ನೀರಿಗೂ ರಭಸಕ್ಕೂ ಆಗುವ) ದೋಣಿಗಳು ಸಿಗುತ್ತವೆ. ಅದು ಬೇರೆ ಮಾತು.

ಬದಲಿಸಬೇಕಾದ್ದು ಹುಟ್ಟು ಹಾಕುವ ರೀತಿ. ಪ್ಯಾಡಲನ್ನು ಆದಷ್ಟು ನೆಟ್ಟಗೆ ಹಿಡಿಯಿರಿ. ಕಾಲ್ಬೆರಳ ಹತ್ತಿರ ನೀರಿಗಿಳಿಸಿ, ದೋಣಿಗೆ ಅಂಟಿದ ಹಾಗೆ ಎಳೆದು, ಸೊಂಟದ ಹತ್ತಿರ ಬಂದ ಕೂಡಲೇ ಹೊರಗೆ ತೆಗೆಯಿರಿ. ಸೊಂಟ ದಾಟಿ ಹಿಂದಕ್ಕೆ ಎಳೆದರೆ ಅದು ದೋಣಿ ತಿರುಗಿಸುವ ಹುಟ್ಟಾಗುತ್ತದೆ. ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ಹಂಪಿ ಕಡೆ ಹರಿಗೋಲಿನವರನ್ನು ನೋಡಿ. ಅದು ಪೂರ್ತಿ ದುಂಡಗೆ, ಆದರೂ ಹುಟ್ಟನ್ನು ಮುಂದೆ ಹಾಕಿ ಎಳೆದೇ ನೇರ ದಾಟಿಸುತ್ತಾರೆ ಅಲ್ವಾ?

ಇನ್ನೊಂದು, ಮೂತಿ ನೋಡಬೇಡಿ. ಎದುರು ದಡದ ಒಂದು ಮರ ಗುರುತಿಟ್ಟುಕೊಳ್ಳಿ. ಮೂತಿ ಸ್ವಲ್ಪ ವಾಲಿದಾಗಲೇ ಚಿಕ್ಕದಾಗಿ ತಿದ್ದಿ. ಪೂರ್ತಿ ತಿರುಗಿದ ಮೇಲೆ ಎಷ್ಟು ಬಲ ಹಾಕಿದರೂ ಸುಮ್ನೆ ತೋಳು ನೋವು.

ಕೋಟೆಕಲ್ಲು:
ನಾನು ಚಿತ್ರದುರ್ಗದವನು. ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ದೋಣಿ ಎಡಕ್ಕೆ ಹೋಗುತ್ತಿದ್ದರೆ ಎಡ ಅಂಚನ್ನು ತುಸು ಒತ್ತಿ, ಎಡಗಡೆಯೇ ಹುಟ್ಟು ಹಾಕಿ ನೋಡಿ. ದೊಡ್ಡ ಬಾಗಿನಲ್ಲಿ ಹೋಗುತ್ತದೆ, ಆದರೆ ಗಿರಕಿ ಹೊಡೆಯುವುದಿಲ್ಲ. ರೂಢಿಯಾಗಲು ಟೈಮ್ ಬೇಕು. ನೀರಿನ ಬಾಟಲಿ, ಚೀಲ ಸೀಟಿನ ಹಿಂದೆ ಒತ್ತಾಗಿ ಕಟ್ಟಿದರೂ ನೇರ ಹೋಗಲು ತುಸು ಸಹಾಯ. ತುದಿಗೆ ತಳ್ಳಬೇಡಿ.

ವೇಗದ ಆಸೆ ಬಿಡಿ. 8 ಅಡಿ ದೋಣಿ ನಿಂತ ನೀರಲ್ಲಿ ಗಂಟೆಗೆ 7 ಕಿ.ಮೀ. ದಾಟುವುದು ಕಷ್ಟ. ಗಾಳಿ ಎದುರಾದರೆ ಇನ್ನೂ ಕಡಿಮೆ. ಜೋಗಿಮಟ್ಟಿ ಕಡೆ ಗಾಳಿಯಂತ್ರ ಜೋರಾಗಿ ತಿರುಗುವ ದಿನ ನಾನಂತೂ ಮನೆಯಲ್ಲೇ ಇರುತ್ತೇನೆ.

ಹೊಳೆದಂಡೆ:
ಬೆಣ್ಣೆನಗರಿಯವರೇ, ನೀವು ಹೇಳಿದ ನದಿಗಳ ಪಟ್ಟಿಯಲ್ಲಿ ಒಂದು ತಕರಾರು. ಸೀತಾನದಿಗೆ ಮಳೆಗಾಲ ಸರಿ, ಆಮೇಲೆ ಬರೀ ಕಲ್ಲು. ಕಾಳಿಯನ್ನು ಮಳೆ ನಿಂತ ಮೇಲೆ ಇಟ್ಟುಕೊಳ್ಳಿ. ಅಲ್ಲಿ ಸೂಪಾ ಅಣೆಕಟ್ಟಿನಿಂದ ಎಷ್ಟು ನೀರು ಬಿಡುತ್ತಾರೋ ಅಷ್ಟೇ ಆಟ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿದ ಮೇಲೆ ಹೊಳೆ ಅಗಲ. ಈ ದೋಣಿಯಲ್ಲಿ ಅಲ್ಲಿಂದ ಹರಿಹರದ ತನಕ ಬರುತ್ತೇನೆ ಅನ್ನಬೇಡಿ. ಅಡ್ಡ ಒಡ್ಡು ಕಂಡರೆ ಇಳಿದು ದಡದಲ್ಲಿ ಹೊತ್ತುಕೊಂಡು ದಾಟಿ. ಅದರ ಕೆಳಗಿನ ಸುಳಿ ಹಿಂದಕ್ಕೇ ಎಳೆಯುತ್ತದೆ, ಬಿಡುವುದಿಲ್ಲ. ಒಬ್ಬರೇ ಹೋಗಲೇಬೇಡಿ.

ಬೆಣ್ಣೆನಗರಿ:
ಭಾನುವಾರ ಹೋಗಿದ್ದೆ. ಸೊಂಟದ ಹತ್ತಿರ ತೆಗೆಯುವುದು ಕೆಲಸ ಮಾಡಿತು ಸರ್! ಗಾಳಿ ಬಂದಾಗ ಮಾತ್ರ ಇನ್ನೂ ಎಳೆಯುತ್ತದೆ. ಪಟ್ಟಿ ಬೇಡ ಅಂತ ವೆಲ್ಡಿಂಗ್‌ನವರಿಗೆ ಹೇಳಿದೆ. ಈಗ ಹೊಸ ತಲೆನೋವು. ಕಾರಿನ ಮೇಲೆ ಬೆಲ್ಟ್ ಬಿಗಿದಲ್ಲಿ ಅಡಿ ಒಳಕ್ಕೆ ತಗ್ಗಿದೆ.

ಕೋಟೆಕಲ್ಲು:
ಪ್ಲಾಸ್ಟಿಕ್ ದೋಣಿ ತಾನೇ? ತಗ್ಗಿದ ಭಾಗ ಮೇಲೆ ಬರುವ ಹಾಗೆ ಮಧ್ಯಾಹ್ನದ ಬಿಸಿಲಿಗೆ ಇಡಿ. ಬಹುಪಾಲು ತಾನೇ ಉಬ್ಬುತ್ತದೆ. ಉಳಿದರೆ ಬಿಸಿನೀರು ಹಾಕಿ ಒಳಗಿಂದ ಒತ್ತಿ. ಇನ್ನು ಮೇಲೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟಿ, ಬೆಲ್ಟ್ ಜಾಸ್ತಿ ಬಿಗಿಯಬೇಡಿ.