ಓದುಗರ ಸ್ಪಂದನ: ‘ಅಂಬು’ವಿಗೆ ಬರೆಸುವ ಹೆಸರು ಯಾವುದು?

ಕಳೆದ ವಾರದ ಪ್ರಶ್ನೆ: ನಾವು ಧಾರವಾಡದ ಕಡೆಯವರು, ಠಾಣೆಯಲ್ಲಿ ನೆಲೆಸಿದ್ದೇವೆ. ಮಗಳಿಗೆ ವರ್ಷ ತುಂಬುತ್ತ ಬಂದಿದೆ. ಹುಟ್ಟಿದಾಗಲೇ ನನ್ನ ಅತ್ತೆ ‘ಅಂಬು’ ಎಂದು ಕರೆದರು, ಅದೇ ನಿಂತಿತು. ನಮಗೆಲ್ಲ ಬಹಳ ಮೆಚ್ಚಿನ ಹೆಸರು ಅದು. ಜನನ ಪ್ರಮಾಣಪತ್ರದಲ್ಲಿ ಮಾತ್ರ ಹೆಸರಿನ ಜಾಗ ಇನ್ನೂ ಖಾಲಿ. ಮನೆಯವರು ‘ಅಂಬಿಕಾ’ ಎನ್ನುತ್ತಾರೆ. ಹಳೆಯ ಕಾಲದ್ದಾಯಿತೇನೋ ಎಂದು ನನಗೆ ಅಳುಕು. ನನ್ನ ಆಸೆ ‘ಅನ್ವಿತಾ’. ಕೃತ್ತಿಕಾ ನಕ್ಷತ್ರದ ಮೊದಲ ಪಾದವಾದ್ದರಿಂದ ‘ಅ’ ಅಕ್ಷರಕ್ಕೆ ಎರಡೂ ಸಲ್ಲುತ್ತವೆ. ಕರೆಯುವ ಹೆಸರಿಗೂ ಬರೆಸುವ ಹೆಸರಿಗೂ ಹೊಂದಿಕೆ ಇರಲೇಬೇಕೇ?

*

ತಂಗಿ, ಇರಬೇಕು ಎನ್ನುತ್ತೇನೆ. ಬಾಲವಾಡಿಗೆ ಬರುವ ಮಕ್ಕಳ ಮೊದಲ ವಾರವನ್ನು ವರ್ಷವರ್ಷವೂ ಕಂಡವಳು ನಾನು. ಹಾಜರಿ ಕರೆಯುವಾಗ ‘ಐಶ್ವರ್ಯಾ’ ಎಂದರೆ ಯಾರೂ ಓಗೊಡುವುದಿಲ್ಲ. ಮೂಲೆಯಲ್ಲಿ ಒಬ್ಬಳು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕುಳಿತಿರುತ್ತಾಳೆ. ಎರಡನೆಯ ಸಲ ಕೂಗಿದರೂ ತಲೆ ಎತ್ತುವುದಿಲ್ಲ. ಕಿಟಕಿಯ ಆಚೆಯಿಂದ ತಾಯಿ ‘ಪಿಂಕೀ, ನಿನ್ನನ್ನೇ!’ ಎಂದಾಗ ಬೆಚ್ಚಿಬಿದ್ದು ಕೈ ಎತ್ತುತ್ತಾಳೆ, ಕಣ್ಣಲ್ಲಿ ಆಗಲೇ ನೀರು. ಮನೆ ಬಿಟ್ಟು ಬಂದ ಮಗುವಿಗೆ ಆ ಕೋಣೆಯಲ್ಲಿ ಗುರುತಿರುವುದು ತನ್ನ ಹೆಸರೊಂದೇ. ಅದನ್ನೂ ಬಾಗಿಲಲ್ಲೇ ಬಿಟ್ಟು ಬಾ ಎಂದರೆ ಅದು ಏನು ಮಾಡಬೇಕು? ‘ಅಂಬಿಕಾ’ ಎಂದು ಕೂಗಿದರೆ ಅಂಬು ತಿರುಗಿ ನೋಡುತ್ತಾಳೆ. ನನಗೆ ಅಷ್ಟು ಸಾಕು.

ಹಳೆಯದೆಂಬ ಅಳುಕನ್ನು ಬಿಡು. ನಿನ್ನ ಊರಿನ ಬೇಂದ್ರೆಯವರು ಕವಿತೆಗೆ ಹಾಕುತ್ತಿದ್ದ ಅಂಕಿತ ‘ಅಂಬಿಕಾತನಯದತ್ತ’. ಅಂಬಿಕೆ ಅವರ ತಾಯಿ. ದತ್ತಾತ್ರೇಯ ಎಂಬ ಪೂರ್ಣ ಹೆಸರನ್ನು ‘ದತ್ತ’ ಎಂದು ಚಿಕ್ಕದು ಮಾಡಿಕೊಂಡು, ತಾಯಿಯ ಹೆಸರನ್ನು ಮಾತ್ರ ಪೂರ್ತಿಯಾಗಿ ಉಳಿಸಿಕೊಂಡರು ಅವರು. ಇತ್ತ ಮಹಾರಾಷ್ಟ್ರಕ್ಕೂ ಅದು ಪರಕೀಯವಲ್ಲ. ಕೊಲ್ಹಾಪುರದ ಮಹಾಲಕ್ಷ್ಮಿ ಇಲ್ಲಿನವರ ಬಾಯಲ್ಲಿ ಅಂಬಾಬಾಯಿ. ಎರಡೂ ನೆಲದಲ್ಲಿ ವಿವರಣೆ ಬೇಡದ ಹೆಸರು ಸಿಗುವುದು ಅಪರೂಪ. ಯಾರಾದರೂ ‘ಅಂಬುಜಾ’ ಎಂದು ಸೂಚಿಸಿದರೆ ಮಾತ್ರ ಒಪ್ಪಬೇಡ. ಈ ಊರಿನ ಹುಡುಗರಿಗೆ ಅದು ಸಿಮೆಂಟಿನ ಹೆಸರು, ಐದನೆಯ ತರಗತಿಗೆ ಬರುವಷ್ಟರಲ್ಲಿ ಕಾಡಿಸಿ ಅಳಿಸುತ್ತಾರೆ.

ಏನೇ ಇಟ್ಟರೂ ಯೋಚಿಸಿ ಇಡು. ಶಾಲೆಯ ಜನರಲ್ ರಜಿಸ್ಟರಿನಲ್ಲಿ ಒಮ್ಮೆ ಏರಿದ ಹೆಸರು ಹತ್ತನೆಯ ತರಗತಿಯ ಪ್ರಮಾಣಪತ್ರದವರೆಗೂ ಹಾಗೆಯೇ ಸಾಗುತ್ತದೆ.
— ನಿವೃತ್ತ ಶಿಕ್ಷಕಿ, ಡೊಂಬಿವಲಿ

*

ಹೆಸರಿನ ಚರ್ಚೆ ಇರಲಿ, ಮೊದಲು ತಾರೀಖು ನೋಡಿಕೊಳ್ಳಿ. ಹೆಸರಿಲ್ಲದೆ ಜನನ ನೋಂದಣಿಯಾಗಿದ್ದರೆ, ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ ವಿಳಂಬ ಶುಲ್ಕ ಕಟ್ಟಬೇಕು. ಆ ಅವಕಾಶ 15 ವರ್ಷದವರೆಗೆ. ಜನನ ಮರಣ ನೋಂದಣಿ ಕಾಯ್ದೆ 1969ರದು. ಆದರೆ ತಿದ್ದುಪಡಿಯಾದ ಮೇಲೆ ಈ ಕಾಗದದ ತೂಕವೇ ಬೇರೆಯಾಗಿದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ ಎಲ್ಲದಕ್ಕೂ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆ ಇದೇ.

ಇನ್ನೊಂದು ವಿಷಯ. ಮಹಾರಾಷ್ಟ್ರದಲ್ಲಿ 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಹೆಸರನ್ನು ಸರಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮದಲ್ಲಿ ಬರೆಯಬೇಕು. ತಾಯಿಯ ಹೆಸರಿಗೆ ಕೊನೆಗೂ ಜಾಗ ಸಿಕ್ಕಿತಲ್ಲ ಎಂಬುದು ನನಗೆ ನಿಜವಾಗಿಯೂ ಸಂತೋಷದ ಸಂಗತಿ. ಹಾಗಾಗಿ ನಿಮ್ಮ ಮಗಳ ಹೆಸರಿನ ಪಕ್ಕದಲ್ಲೇ ನಿಮ್ಮ ಹೆಸರು ಬರುತ್ತದೆ. ಎರಡೂ ಹೆಸರುಗಳನ್ನು ನಾಲ್ಕೂ ಪದ ಸೇರಿಸಿ ಗಟ್ಟಿಯಾಗಿ ಓದಿ ನೋಡಿ. ಯಾವುದರಲ್ಲಿ ನಾಲಿಗೆ ತಡವರಿಸುತ್ತದೆಯೋ ಅದನ್ನು ಕೈಬಿಡಿ.

ಪ್ರಮಾಣಪತ್ರದಲ್ಲಿ ಹೆಸರು ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಇರುತ್ತದೆ. ಎರಡನ್ನೂ ಅಕ್ಷರ ಅಕ್ಷರ ಬಿಡದೆ ಓದಿ. ಪರಿಚಿತರೊಬ್ಬರ ಮಗಳಿಗೆ ಮರಾಠಿಯಲ್ಲಿ ಸರಿಯಿದೆ, ಇಂಗ್ಲಿಷಿನಲ್ಲಿ ಕೊನೆಗೊಂದು ‘ಎ’ ಹೆಚ್ಚು, ಆಧಾರ್ ಕಾರ್ಡಿನಲ್ಲಿ ಅದು ಇಲ್ಲ. ಪಾಸ್‌ಪೋರ್ಟ್ ಮಾಡಿಸುವ ಹೊತ್ತಿಗೆ ಆ ತಾಯಿ ಅಲೆದು ಸುಸ್ತಾದರು. ಮುಂದೆ ರಾಜ್ಯಪತ್ರದಲ್ಲಿ ಪ್ರಕಟಿಸಿ ಹೆಸರು ಬದಲಿಸಿಕೊಳ್ಳುವ ದಾರಿ ಇದೆ, ಆದರೆ ಅದುವರೆಗಿನ ದಾಖಲೆಗಳನ್ನೆಲ್ಲ ತಿದ್ದಿಸುವ ಕೆಲಸ ಹಿಂದೆಯೇ ಬರುತ್ತದೆ.
— ಓದುಗ, ಮುಲುಂಡ್

*

ಹೊಂದಿಕೆ ಖಂಡಿತ ಬೇಡ. ಗೋವೆಯಲ್ಲಿ ನಮ್ಮ ಅಕ್ಕಪಕ್ಕದ ಕ್ರೈಸ್ತರ ಮನೆಗಳಲ್ಲಿ ಚರ್ಚಿನ ಪುಸ್ತಕದ ಸೆಬಾಸ್ಟಿಯನ್ ಬೀದಿಯಲ್ಲಿ ಬೊಸ್ತ್ಯಾಂವ್, ಜೋಸೆಫ್ ಝುಜೆ. ಅವು ಅದೇ ಹೆಸರಿನ ರೂಪಗಳಲ್ಲವೇ ಎನ್ನಬಹುದು. ಆದರೆ ಅದೇ ಮನೆಗಳಲ್ಲಿ ಜ್ಞಾನಸ್ನಾನದ ಹೆಸರಿಗೆ ಯಾವ ಸಂಬಂಧವೂ ಇಲ್ಲದ ‘ಬಾಬುಶ್’ ಎಂದು ಕರೆಸಿಕೊಂಡೇ ಮುದುಕರಾದವರಿದ್ದಾರೆ. ಯಾರೂ ಏನನ್ನೂ ಕಳೆದುಕೊಂಡದ್ದು ಕಾಣೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಟ್ಟಿದ್ದು ಬೇರೆ. ‘ಅಂಬು’ ಅತ್ತೆ ಕೊಟ್ಟ ಹೆಸರು, ‘ಅಂಬಿಕಾ’ ಗಂಡ ಹೇಳಿದ ಹೆಸರು. ಹೊತ್ತು ಹೆತ್ತವಳ ಆಸೆ ಎಲ್ಲಿ ಹೋಯಿತು? ಕರೆಯುವುದು ಅವರ ಇಷ್ಟದಂತೆ ಆಗಿದೆ, ಬರೆಸುವುದು ನಿಮ್ಮ ಇಷ್ಟದಂತೆ ಆಗಲಿ. ಇದು ಜಗಳವಲ್ಲ, ನ್ಯಾಯ. ಬೇಕಿದ್ದರೆ ಶಾಲೆಗೆ ಸೇರಿಸುವ ಮುಂಚಿನ ದಿನಗಳಲ್ಲಿ ‘ಅನ್ವಿತಾ ಅಂಬು, ಊಟಕ್ಕೆ ಬಾ’ ಎಂದು ಎರಡನ್ನೂ ಸೇರಿಸಿ ಕರೆಯಿರಿ. ಮಕ್ಕಳು ಬೇಗ ಕಲಿಯುತ್ತವೆ.
— ಓದುಗಿ, ವಾಸ್ಕೋ

*

ಮನೆಯಲ್ಲಿ ನಾನು ತಾಯವ್ವ. ಅದು ತೀರಿಹೋದ ಅಜ್ಜಿಯ ಹೆಸರು. ಕಚೇರಿಯಲ್ಲಿ ಬೇರೆಯೇ ಹೆಸರು, ಒಂದಕ್ಕೊಂದು ತಾಳಮೇಳವಿಲ್ಲ. ಅದೇ ನನಗೆ ಪ್ರಿಯ. ಲೋಕಲ್ ರೈಲಿನ ಗದ್ದಲದಲ್ಲಿ ಫೋನ್ ಎತ್ತಿದಾಗ ‘ತಾಯವ್ವಾ’ ಎಂದರೆ ನನ್ನವರೇ ಎಂದು ಗೊತ್ತಾಗುತ್ತದೆ. ಮುಂಬಯಿಯ ಕಚೇರಿಗಳಲ್ಲಿ ಯಾರ ಹೆಸರೂ ಪೂರ್ತಿಯಾಗಿ ಉಳಿಯುವುದಿಲ್ಲ. ‘ಅಂಬಿಕಾ’ ಇಟ್ಟರೆ ಮುಂದೊಂದು ದಿನ ಅವಳ ಮೇಲಧಿಕಾರಿಯೂ ‘ಅಂಬು’ ಎಂದೇ ಕರೆಯುತ್ತಾನೆ. ಅತ್ತೆಯವರ ಹೆಸರು ಅತ್ತೆಯವರ ಮನೆಯೊಳಗೇ ಇರಲಿ ಎಂದು ನನಗನಿಸುತ್ತದೆ.
— ಓದುಗಿ, ವಾಶಿ

*

‘ಅಂಬು’ ಎಂದೇ ಬರೆಸಿ. ನಮ್ಮ ಪುಣೆಯ ಲೋಕಮಾನ್ಯರನ್ನು ನೋಡಿ. 1856ರಲ್ಲಿ ಹುಟ್ಟಿದ ಆ ಮಗುವಿಗೆ ಇಟ್ಟ ಹೆಸರು ಕೇಶವ. ಮನೆಯಲ್ಲಿ ಮುದ್ದಿನಿಂದ ಕರೆದದ್ದು ಬಾಳ. ಗಂಗಾಧರ ಅವರ ತಂದೆಯ ಹೆಸರು. ಕನ್ನಡದಲ್ಲಿ ನಾವು ಒಂದೇ ಪದವೆಂಬಂತೆ ‘ಬಾಲಗಂಗಾಧರ’ ಎಂದು ಓದಿಬಿಡುತ್ತೇವೆ, ಅದರ ಮೊದಲ ತುಂಡು ಆ ಮುದ್ದಿನ ಹೆಸರೇ. ಇಂದು ಕೇಶವ ಎಂದರೆ ಅವರನ್ನು ಯಾರೂ ಗುರುತಿಸುವುದಿಲ್ಲ. ನಿಮ್ಮ ಮನೆಯಲ್ಲೂ ಗಟ್ಟಿಯಾಗಿ ನಿಂತಿರುವುದು ಒಂದೇ ಹೆಸರು. ಅದಕ್ಕೆ ಜೊತೆ ಹುಡುಕುವ ಕಷ್ಟವಾದರೂ ಏಕೆ? ಬರೆಯಲು ಎರಡೇ ಅಕ್ಷರ, ಮೇಲೆ ಹೇಳಿದಂಥ ತಪ್ಪುಗಳಿಗೆ ಎಡೆಯೇ ಇಲ್ಲ. ವರ್ಷ ತುಂಬುವ ಮೊದಲೇ ಅರ್ಜಿ ಕೊಡಿ.
— ಹಿರಿಯ ಓದುಗರು, ಕೋಥ್ರೂಡ್, ಪುಣೆ