ಹುಟ್ಟುವಾಗಲೇ ಮೂರು ವರ್ಷ

ನಮ್ಮ ಸ್ವಾಮಿಗೆ ಹುಟ್ಟಿದ ದಿನ ಎರಡು. ಒಂದು ಅವನ ಅಮ್ಮ ಹೇಳುವುದು: ಊರ ಕೆರೆ ಕೋಡಿ ಬಿದ್ದ ವರ್ಷ, ಗೌರಿ ಹಬ್ಬದ ಹಿಂದಿನ ದಿನ. ಇನ್ನೊಂದು ಸ್ಕೂಲಿನ ದಾಖಲಾತಿ ಪುಸ್ತಕದ್ದು: ಜೂನ್ 1. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಅಂದರಂತೆ ಹೆಡ್ ಮೇಷ್ಟ್ರು. ಇವನದು ಮೊದಲೇ ಉದ್ದ ಕೈ. ಸಲೀಸಾಗಿ ಮುಟ್ಟಿಬಿಟ್ಟ. ಅಲ್ಲಿಗೆ ಕಾಗದದಲ್ಲಿ ಎರಡು ವರ್ಷ ದೊಡ್ಡವನಾದ. ಅದರ ಫಲ ಈಗ ಕೈಗೆ ಬಂದಿದೆ. ಬರುವ ಮೇ 31ಕ್ಕೆ ರಿಟೈರ್‌ಮೆಂಟ್.

ಭಾನುವಾರ ವಾಕಿಂಗ್ ನೆಪ ಹೇಳಿ ಹೋಟೆಲ್ಲಿಗೆ ಬರುವವರು ನಾವು ನಾಲ್ಕು ಜನ. ಸ್ವಾಮಿ, ನಾನು, ಶುಗರ್ ಇದ್ದೂ ಮದ್ದೂರು ವಡೆ ಬಿಡದ ಜಯಣ್ಣ, ಮತ್ತೆ ಪಿ.ಟಿ. ಮೇಷ್ಟ್ರು. ಮೇಷ್ಟ್ರು ಜನ್ಮದಲ್ಲಿ ಯಾರ ಮೂತಿಗೂ ಗುದ್ದಿದವರಲ್ಲ. ಆದರೆ ಹಳೇ ಬಾಕ್ಸಿಂಗ್ ಕಥೆಯೆಲ್ಲ ನಾಲಿಗೆ ತುದಿಯಲ್ಲಿದೆ.

"ಹೆತ್ತ ತಾಯಿ ಹೇಳಿದ್ದು ಸುಳ್ಳು, ಹೆಡ್ ಮೇಷ್ಟ್ರು ಗೀಚಿದ್ದು ನಿಜ. ಇದು ಯಾವ ಊರಿನ ನ್ಯಾಯ?" ಅಂತ ಸ್ವಾಮಿ ಶುರು ಮಾಡಿದ. ಈ ಪ್ರಶ್ನೆ ನಾವು ಜನವರಿಯಿಂದ ಕೇಳುತ್ತಿದ್ದೇವೆ.

"ಆರ್ಚಿ ಮೂರ್ ಕೇಸು ನಿನಗೆ ಪೂರ್ತಿ ಉಲ್ಟಾ ಕಣಯ್ಯ," ಅಂದರು ಮೇಷ್ಟ್ರು.

"ಯಾವ ಮೂರು?"

"ಮೂರಲ್ಲ, ಮೂರ್. ಅಮೆರಿಕದ ಬಾಕ್ಸರ್. ಲೈಟ್ ಹೆವಿವೇಯ್ಟ್‌ನಲ್ಲಿ ವಿಶ್ವ ಚಾಂಪಿಯನ್. ಅವನಮ್ಮ ಹುಟ್ಟಿದ ವರ್ಷ 1913 ಅಂದಳು. ಇವನು 1916 ಅಂದ. ಪೇಪರಿನವರು ಸುಮ್ನೆ ಬಿಡುತ್ತಾರಾ? ಕೊನೆಗೆ ಅವನೇ ಒಂದು ತೀರ್ಪು ಕೊಟ್ಟ. ಅಮ್ಮನಿಗೆ ಗೊತ್ತಿರಲೇಬೇಕು, ಹೆರಿಗೆ ಹೊತ್ತಿಗೆ ಅವಳು ಅಲ್ಲೇ ಇದ್ದಳು. ಆದರೆ ನಾನೂ ಅಲ್ಲೇ ಇದ್ದೆನಲ್ಲ! ಬಹಳ ಯೋಚನೆ ಮಾಡಿ ನೋಡಿದೆ, ಹುಟ್ಟುವಾಗಲೇ ನನಗೆ ಮೂರು ವರ್ಷ ಆಗಿದ್ದಿರಬೇಕು ಅಂದ."

ಜಯಣ್ಣನಿಗೆ ವಡೆ ಗಂಟಲಲ್ಲಿ ಸಿಕ್ಕಿಕೊಂಡಿತು. ಬೆನ್ನು ತಟ್ಟಿದೆ. ಉಸಿರು ಬಂದ ಮೇಲೆ, "ಹೆಸರೂ ಮೂರು, ಹುಟ್ಟುವಾಗಲೂ ಮೂರು," ಅಂದ.

ಸ್ವಾಮಿ ಮಾತ್ರ ನಗಲಿಲ್ಲ. ಜೇಬಿನಿಂದ ಪೆನ್ನು ತೆಗೆದ. "ಇದನ್ನೇ ನಮ್ಮ ಇಲಾಖೆಗೆ ಅರ್ಜಿ ಹಾಕಿದರೆ ಹೇಗೆ?"

"ಹುಟ್ಟಿದ ಊರಿನದ್ದೂ ಅದೇ ಕಥೆ," ಮೇಷ್ಟ್ರು ಮುಂದುವರಿಸಿದರು. "ಅಮ್ಮ ಮಿಸಿಸಿಪಿಯ ಬೆನಾಯ್ಟ್ ಅಂದಳು, ಮಗ ಇಲಿನಾಯ್ ಕಡೆಯ ಊರು ಹೇಳಿದ. ಮೂರ್ ಅನ್ನುವುದೂ ಹುಟ್ಟಿನ ಹೆಸರಲ್ಲ. ಹುಟ್ಟಿದ್ದು ಆರ್ಚಿಬಾಲ್ಡ್ ರೈಟ್ ಆಗಿ. ಸೇಂಟ್ ಲೂಯಿಸ್‌ನಲ್ಲಿ ಸಾಕಿದ ಚಿಕ್ಕಪ್ಪನ ಮನೆಯ ಹೆಸರು ಮೂರ್."

"ಆಧಾರ್ ಇದ್ದಿದ್ದರೆ ಸಿಕ್ಕಿಬೀಳುತ್ತಿದ್ದ," ಅಂದೆ ನಾನು.

"ಆಧಾರ್ ಇಲ್ಲದೆಯೇ ಸಿಕ್ಕಿಬಿದ್ದ ಕಣೋ. ಹುಡುಗನಾಗಿದ್ದಾಗ ಸೇಂಟ್ ಲೂಯಿಸ್‌ನ ಟ್ರಾಮ್‌ಗಳಲ್ಲಿ ಕಳ್ಳತನ. ಟ್ರಾಮ್‌ಗೆ ಮೇಲಿನ ತಂತಿಯಿಂದ ಕರೆಂಟು ಬರುತ್ತಲ್ಲ, ಒಬ್ಬ ಹುಡುಗ ಹಿಂದಿನಿಂದ ಆ ಕಂಬಿ ಎಳೆದು ತಂತಿಯಿಂದ ತಪ್ಪಿಸುವುದು. ಗಾಡಿ ನಿಲ್ಲುತ್ತದೆ. ಡ್ರೈವರ್ ಬೈದುಕೊಂಡು ಇಳಿದು ಹಿಂದಕ್ಕೆ ಹೋಗುತ್ತಾನೆ. ಅಷ್ಟರಲ್ಲಿ ಇನ್ನೊಬ್ಬ ಮುಂದಿನಿಂದ ಹತ್ತಿ ಚಿಲ್ಲರೆ ಡಬ್ಬಿ ಎತ್ತುವುದು."

"ಒಳ್ಳೇ ಟೀಮ್ ವರ್ಕು," ಅಂದ ಜಯಣ್ಣ.

"ಆ ಟೀಮ್ ವರ್ಕಿಗೆ 22 ತಿಂಗಳು ಬಾಲಾಪರಾಧಿಗಳ ಶಾಲೆ. ಹೊರಗೆ ಬಂದ ಮೇಲೆ ಬಾಕ್ಸರ್ ಆಗುತ್ತೇನೆ ಅಂತ ಪಣ ತೊಟ್ಟ. ಆಮೇಲೆ ಸರ್ಕಾರದ ಅರಣ್ಯ ಕೆಲಸದ ಕ್ಯಾಂಪಿಗೆ ಸೇರಿದ. ಅಲ್ಲಿ ಗರಡಿ ಎಲ್ಲಿ ಬರಬೇಕು? ಕೆಲಸಕ್ಕೆ ಕರಕೊಂಡು ಹೋಗುವ ಲಾರಿಯ ಮೇಲೆ ನಿಂತು, ಎದುರಿಗೆ ಬರುವ ಮರದ ಕೊಂಬೆಗಳಿಗೆ ತಲೆ ತಪ್ಪಿಸುವುದೇ ಅಭ್ಯಾಸ."

ಕೊಂಬೆಗೇನು, ಅದು ಪಾಯಿಂಟ್ಸ್ ನೋಡಿ ಹೊಡೆಯುವುದಿಲ್ಲ. ತಪ್ಪಿಸಿಕೊಳ್ಳದಿದ್ದರೆ ಹಲ್ಲು ಹೋಯಿತು, ಅಷ್ಟೇ. ಹೀಗೆ ಕಲಿತವನಿಗೆ ಆಮೇಲೆ ಬಂದ ಅಡ್ಡ ಹೆಸರು ಮುಂಗುಸಿ. ವಯಸ್ಸಾದ ಮೇಲೆ ಹಳೇ ಮುಂಗುಸಿ.

"ಅವನು ನಿಲ್ಲುತ್ತಿದ್ದದ್ದು ಹೀಗೆ," ಅಂತ ಮೇಷ್ಟ್ರು ಎದ್ದೇ ನಿಂತರು. ಎರಡೂ ಕೈಯನ್ನು ಮುಖದ ಮುಂದೆ ಕತ್ತರಿ ಹಾಕಿ, ಆಮೆ ಚಿಪ್ಪಿನೊಳಗಿಂದ ಇಣುಕಿದ ಹಾಗೆ ನೋಡಿದರು. ಕಾಫಿ ಇಡಲು ಬಂದ ಸಪ್ಲೈಯರ್ ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ಮೇಷ್ಟ್ರ ಕಣ್ಣು ಮೊಣಕೈ ಸಂದಿಯಲ್ಲಿದ್ದಾಗ ಅವರ ತಟ್ಟೆಯ ವಡೆ ಜಯಣ್ಣನ ತಟ್ಟೆಗೆ ಹೋಯಿತು. ನಾನು ನೋಡಿದೆ. ಸ್ನೇಹ ದೊಡ್ಡದು, ಸುಮ್ಮನಿದ್ದೆ.

"ಚಾಂಪಿಯನ್ ಆದದ್ದು ಯಾವಾಗ?" ಸ್ವಾಮಿಗೆ ಸರ್ವಿಸ್ ಲೆಕ್ಕ ಬೇಕು.

"1952ರ ಡಿಸೆಂಬರ್. ಅಷ್ಟರಲ್ಲಿ 36 ವರ್ಷ. ಅಥವಾ 39. ವೃತ್ತಿಗೆ ಬಂದು ಹದಿನಾರು ವರ್ಷ ದಾಟಿತ್ತು."

"ಅಷ್ಟು ಲೇಟಾ? ಪ್ರಮೋಷನ್ ಯಾಕೆ ತಡೆದರು?"

ಇಲ್ಲಿ ಮೇಷ್ಟ್ರು ಸ್ವಲ್ಪ ಗಂಭೀರವಾದರು. ಆಗ ಮೂರ್ ಥರದ ಒಳ್ಳೆ ಕಪ್ಪು ಬಾಕ್ಸರ್‌ಗಳು ಹಲವರಿದ್ದರು. ಚಾಂಪಿಯನ್‌ಗಳು, ಅವರ ಮ್ಯಾನೇಜರ್‌ಗಳು ಇವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಇವರ ಜೊತೆ ಆಡಿದರೆ ಸೋಲುವ ಭಯ, ಗೆದ್ದರೂ ದುಡ್ಡು ಕಮ್ಮಿ. ಹಾಗಾಗಿ ಇವರಿವರೇ ಮತ್ತೆ ಮತ್ತೆ ಹೊಡೆದಾಡಬೇಕು. ಎಜರ್ಡ್ ಚಾರ್ಲ್ಸ್ ಒಬ್ಬನ ಕೈಲೇ ಮೂರ್ ಮೂರು ಸಲ ಸೋತ. ನಡುವೆ 1941ರಲ್ಲಿ ಹೊಟ್ಟೆ ಹುಣ್ಣು ಒಡೆದು ಆಪರೇಷನ್ ಆಯಿತು. ಅದರಿಂದ ಎದ್ದು ಬಂದು ಮತ್ತೆ ಗುದ್ದಾಟ.

"ಕೊನೆಗೂ ಆಗಿನ ಚಾಂಪಿಯನ್ ಜೋಯಿ ಮ್ಯಾಕ್ಸಿಮ್ ಒಪ್ಪಿದ. ಸೇಂಟ್ ಲೂಯಿಸ್‌ನಲ್ಲಿ 15 ಸುತ್ತು. ಮೂರ್ ಗೆದ್ದ. ಮ್ಯಾಕ್ಸಿಮ್‌ಗೆ ಒಂದು ಲಕ್ಷ ಡಾಲರ್ ಗ್ಯಾರಂಟಿ ಇತ್ತು. ಗೆದ್ದವನಿಗೆ ಎಷ್ಟು ಸಿಕ್ಕಿತು ಹೇಳಿ?"

"ಐವತ್ತು ಸಾವಿರ?"

"800."

"ಸಾವಿರ?"

"ಬರೀ 800. ಜೊತೆಗೆ ಮ್ಯಾಕ್ಸಿಮ್‌ನ ಮ್ಯಾನೇಜರ್ ಜಾಕ್ ಕರ್ನ್ಸ್‌ನನ್ನೂ ಕಟ್ಟಿಕೊಳ್ಳಬೇಕಾಯಿತು."

"ಸರ್ಕಾರ ಬದಲಾದರೂ ಪಿ.ಎ. ಅದೇ," ಅಂದ ಸ್ವಾಮಿ. ಅವತ್ತು ಅವನು ಮೊದಲ ಸಲ ನಕ್ಕದ್ದು ಇದಕ್ಕೆ.

ಲೈಟ್ ಹೆವಿವೇಯ್ಟ್ ಅಂದರೆ 175 ಪೌಂಡ್ ಮೀರಬಾರದು, ಸುಮಾರು 79 ಕೆಜಿ. ಮೂರ್ ಊಟದ ಮನುಷ್ಯ. ಪಂದ್ಯ ಇಲ್ಲದಾಗ 200 ದಾಟುತ್ತಿದ್ದ. ಪಂದ್ಯ ಹತ್ತಿರ ಬಂದಾಗ ಅಷ್ಟನ್ನೂ ಇಳಿಸಿ, ಟೋಪಿ ಕೋಟು ಹಾಕಿಕೊಂಡು ಬೆತ್ತ ತಿರುಗಿಸುತ್ತಾ ತೂಕಕ್ಕೆ ಬರುತ್ತಿದ್ದ. ಹೇಗಪ್ಪಾ ಇಳಿಸಿದೆ ಅಂದರೆ ಗುಟ್ಟು ಅನ್ನುತ್ತಿದ್ದ. 1940ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿದ್ದಾಗ ಅಲ್ಲಿನ ಮೂಲನಿವಾಸಿಯೊಬ್ಬ ಹೇಳಿಕೊಟ್ಟದ್ದಂತೆ. ಆ ಗುಟ್ಟನ್ನು ಬಹಳ ವರ್ಷ ಎಳೆದಾಡಿ ಆಮೇಲೆ ಬಿಚ್ಚಿದ: ಮಾಂಸವನ್ನು ಚೆನ್ನಾಗಿ ಜಗಿಯಬೇಕು, ರಸ ನುಂಗಬೇಕು, ಮಿಕ್ಕದ್ದು ಉಗಿಯಬೇಕು.

"ಇದನ್ನು ಕಲಿಯೋಕೆ ಆಸ್ಟ್ರೇಲಿಯಾ ಯಾಕೆ? ನಮ್ಮ ಮಂಡ್ಯದಲ್ಲಿ ಹಾಲು ಹಲ್ಲಿನ ಮಕ್ಕಳೂ ಕಬ್ಬು ತಿನ್ನುವುದು ಹಾಗೇ," ಅಂದ ಜಯಣ್ಣ.

"ನೀನೂ ವಡೆಯನ್ನು ಹಾಗೇ ತಿನ್ನು, ಶುಗರ್ ಇಳಿಯುತ್ತೆ," ಅಂದೆ. ಜಯಣ್ಣ ಒಂದು ತುಂಡು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ನಿಧಾನವಾಗಿ ಜಗಿದ. ನಾವು ಮೂವರೂ ಅವನ ಬಾಯಿಯನ್ನೇ ನೋಡುತ್ತಿದ್ದೆವು. ನುಂಗಿದ. "ಇದರಲ್ಲಿ ರಸ ಎಲ್ಲಿದೆ? ಉಗಿಯುವುದೇನನ್ನ?"

ಮೇಷ್ಟ್ರಿಗೆ ಈಗ ಹುರುಪು ಬಂದಿತ್ತು. ರಾಕಿ ಮಾರ್ಸಿಯಾನೋ ಕಥೆ ತೆಗೆದರು. ಅವನು ಹೆವಿವೇಯ್ಟ್ ಚಾಂಪಿಯನ್, ಒಂದೂ ಸೋತವನಲ್ಲ. ಅವನ ಜೊತೆ ಪಂದ್ಯ ಬೇಕು ಅಂತ ಮೂರ್ ದೇಶದ ಕ್ರೀಡಾ ಸಂಪಾದಕರಿಗೆಲ್ಲ ಕಾಗದ ಬರೆದ. ಪೊಲೀಸರು ಕಳ್ಳನನ್ನು ಹುಡುಕುವಾಗ ಅಂಟಿಸುತ್ತಾರಲ್ಲ, ಆ ಥರ ಮಾರ್ಸಿಯಾನೋ ಫೋಟೋ ಹಾಕಿ 'ಬೇಕಾಗಿದ್ದಾನೆ' ಅಂತ ಜಾಹೀರಾತು ಕೊಟ್ಟ. ತಾನು ಅದರಲ್ಲಿ ಶೆರೀಫ್! ಕಡೆಗೆ 1955ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಂನಲ್ಲಿ ಪಂದ್ಯ. ಎರಡನೇ ಸುತ್ತಿನಲ್ಲೇ ಮಾರ್ಸಿಯಾನೋ ನೆಲ ಕಂಡ. ಆದರೆ ತಕ್ಷಣ ಎದ್ದ. ಒಂಬತ್ತನೇ ಸುತ್ತಿನಲ್ಲಿ ಮೂರ್ ಬಿದ್ದ, ಏಳಲಿಲ್ಲ. ಅದೇ ಮಾರ್ಸಿಯಾನೋನ ಕೊನೇ ಪಂದ್ಯ. 49ಕ್ಕೆ 49 ಗೆದ್ದು ಮನೆಗೆ ಹೋದ.

"ಅವನಿಗೂ ಮೇ 31 ಬಂದಿತ್ತು," ಅಂದ ಸ್ವಾಮಿ.

"ಸೋತ ಕಥೆಯೇ ಹೇಳ್ತೀರಲ್ಲ ಮೇಷ್ಟ್ರೇ, ಗೆದ್ದದ್ದು ಹೇಳಿ," ಅಂದೆ.

"ಹೇಳ್ತೀನಿ. 1958ರ ಡಿಸೆಂಬರ್ 10, ಮಾಂಟ್ರಿಯಲ್. ಎದುರಿಗೆ ಇವಾನ್ ಡ್ಯುರೆಲ್, ಕೆನಡಾದ ಮೀನುಗಾರ. ಬಲೆ ಎಳೆದು ಎಳೆದು ತೋಳು ಮರದ ದಿಮ್ಮಿ ಆಗಿತ್ತು. ಮೂರ್‌ಗೆ 41 ಅನ್ನು, 44 ಅನ್ನು, ನಿನ್ನಿಷ್ಟ. ಗಂಟೆ ಹೊಡೆದು ಇನ್ನೂ ಜನ ಸೀಟಲ್ಲಿ ಸರಿಯಾಗಿ ಕೂತಿಲ್ಲ, ಬಲಗೈ ಗುದ್ದು ಬಿತ್ತು ನೋಡು. ಮೂರ್ ಅಂಗಾತ! ರೆಫ್ರಿ ಜಾಕ್ ಶಾರ್ಕಿ, ಅವನೂ ಒಂದು ಕಾಲದ ಹೆವಿವೇಯ್ಟ್ ಚಾಂಪಿಯನ್ನೇ, ಎಣಿಸುತ್ತಿದ್ದಾನೆ. ಒಂಬತ್ತಕ್ಕೆ ಎದ್ದ. ಮತ್ತೆ ಬಿದ್ದ. ಎದ್ದ. ಇನ್ನೊಂದು ಸಲ ಬಿದ್ದ. ಎದ್ದ. ಇದೆಲ್ಲ ಮೊದಲನೇ ಸುತ್ತಿನಲ್ಲಿ, ಮೂರೇ ನಿಮಿಷದಲ್ಲಿ."

"ಅಲ್ಲೂ ಮೂರು," ಅಂದ ಜಯಣ್ಣ.

"ಐದನೇ ಸುತ್ತಿನಲ್ಲಿ ನಾಲ್ಕನೇ ಸಲ ಬಿದ್ದ. ಟಿ.ವಿ. ನೋಡುತ್ತಿದ್ದವರು ಮುದುಕನ ಕಥೆ ಮುಗೀತು ಅಂದುಕೊಂಡಿರಬೇಕು. ಇವನು ಎದ್ದು, ಕತ್ತರಿ ಕೈ ಹಾಕಿಕೊಂಡು, ಸುಮ್ನೆ ಚುಚ್ಚುತ್ತಾ ಕಾದ. ಸಾಲಗಾರನ ಮನೆ ಮುಂದೆ ಕಾದ ಹಾಗೆ. ಡ್ಯುರೆಲ್ ದಣಿದ. ಹತ್ತರಲ್ಲಿ ಬಿದ್ದ. ಹನ್ನೊಂದರಲ್ಲಿ ಬಿದ್ದವನು ಹತ್ತು ಎಣಿಸಿದರೂ ಏಳಲಿಲ್ಲ."

ಪಕ್ಕದ ಟೇಬಲ್ಲಿನವರೂ ಇಡ್ಲಿ ಬಿಟ್ಟು ಕೇಳುತ್ತಿದ್ದರು. ಮೇಷ್ಟ್ರು ನಿಂತೇ ಇದ್ದರು. ಜಾಸ್ತಿ ಹೊತ್ತು ಹಾಗೇ ನಿಂತಿದ್ದರೆ ಹೋಟೆಲಿನವರು ಟಿಕೆಟ್ ಇಡುತ್ತಿದ್ದರೇನೋ.

ಆ ಪಂದ್ಯ ಮೂರ್‌ಗೆ ಸಿನಿಮಾವನ್ನೂ ತಂದಿತು. 1960ರಲ್ಲಿ ಮಾರ್ಕ್ ಟ್ವೇನ್ ಬರೆದ ಹಕಲ್‌ಬರಿ ಫಿನ್ ಕಥೆಯ ಚಿತ್ರದಲ್ಲಿ ಓಡಿಬಂದ ಗುಲಾಮ ಜಿಮ್ ಪಾತ್ರ ಮಾಡಿದ. ಆದರೆ ನನಗೆ ಅದಕ್ಕಿಂತ ಹಿಡಿಸಿದ್ದು ಅದೇ ವರ್ಷದ ಪಾತ್ರೆ ತೊಳೆಯುವ ಕಥೆ.

ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ 18ರ ಹುಡುಗನೊಬ್ಬ ಮೂರ್ ಹತ್ತಿರ ಕಲಿಯಲು ಕ್ಯಾಲಿಫೋರ್ನಿಯಾಕ್ಕೆ ಬಂದ. ಮೂರ್ ತನ್ನ ಶಿಬಿರಕ್ಕೆ ಇಟ್ಟ ಹೆಸರು ಉಪ್ಪಿನ ಗಣಿ. ಅಲ್ಲಿ ಎಲ್ಲರಿಗೂ ಸರದಿ ಮೇಲೆ ಕೆಲಸ: ಕಸ ಗುಡಿಸು, ಪಾತ್ರೆ ತೊಳೆ. ಹುಡುಗ ಒಪ್ಪಲಿಲ್ಲ. ಸ್ವಲ್ಪ ದಿನಕ್ಕೇ ಗಂಟುಮೂಟೆ ಕಟ್ಟಿದ. ಹೆಸರು ಕ್ಯಾಸಿಯಸ್ ಕ್ಲೇ. ಮುಂದೆ ಮುಹಮ್ಮದ್ ಅಲಿ.

"ಮೈಸೂರು ಗರಡಿಯಲ್ಲಾದರೆ ಮೊದಲು ಮಟ್ಟಿ ಹದ ಮಾಡಿಸುತ್ತಿದ್ದರು, ಆಮೇಲೆ ಪಟ್ಟು," ಅಂದರು ಮೇಷ್ಟ್ರು. ಅವರು ಪೂರ್ತಿ ಮೂರ್ ಪಕ್ಷ.

"ಮನೆಯಲ್ಲಿ ನೀವು ಪಾತ್ರೆ ತೊಳೆಯುತ್ತೀರಾ?" ಕೇಳಿದೆ. ಮೇಷ್ಟ್ರು ಕೂತುಕೊಂಡರು.

ಎರಡು ವರ್ಷ ಬಿಟ್ಟು, 1962ರ ನವೆಂಬರ್‌ನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಗುರು ಶಿಷ್ಯ ಎದುರುಬದುರು. ಗುರುವಿಗೆ 45, ಇಲ್ಲವೇ 48. ಹುಡುಗನ ಬಾಯಿ ನಿಲ್ಲುತ್ತಿರಲಿಲ್ಲ. ಮೂರ್ ನಾಲ್ಕನೇ ಸುತ್ತಿಗೆ ಬೀಳುತ್ತಾನೆ ಅಂತ ಮೂರ್‌ಗೆ ಫೋರ್ ಸೇರಿಸಿ ಪ್ರಾಸ ಕಟ್ಟಿ ಹಾಡಿದ. ಮೂರ್ ಬಾಯೇನು ಕಮ್ಮಿಯೇ? ಅಂಗಿಗೆ ಹಾಕಿದ ಹಾಗೆ ತುಟಿಗೂ ಗುಂಡಿ ಹಾಕುವ ಹೊಸ ಗುದ್ದು ತಯಾರು ಮಾಡಿದ್ದೇನೆ ಅಂದ. ಗುಂಡಿ ಹಾಕಲು ಆಗಲಿಲ್ಲ. ನಾಲ್ಕನೇ ಸುತ್ತಿಗೇ ಬಿದ್ದ.

"ಇಂಗ್ಲಿಷಿನಲ್ಲಿ ಅದು ಬರೀ ಪ್ರಾಸ. ಕನ್ನಡದಲ್ಲಿ ಲೆಕ್ಕವೂ ಸರಿ. ಮೂರಾದ ಮೇಲೆ ನಾಲ್ಕೇ ಅಲ್ವಾ," ಅಂದ ಜಯಣ್ಣ. ಶುಗರ್ ಇದ್ದರೂ ತಲೆ ಓಡುತ್ತದೆ.

ಮಾರ್ಸಿಯಾನೋ, ಅಲಿ ಇಬ್ಬರ ಜೊತೆಗೂ ರಿಂಗಿಗೆ ಇಳಿದವನು ಮೂರ್ ಒಬ್ಬನೇ. ಮರುವರ್ಷ ಒಬ್ಬ ಕುಸ್ತಿಪಟುವನ್ನು ಮೂರು ಸುತ್ತಿನಲ್ಲಿ ಮುಗಿಸಿ ನಿವೃತ್ತನಾದ. ಹೌದು, ಮೂರು. 200ಕ್ಕೂ ಜಾಸ್ತಿ ಪಂದ್ಯ, 130ಕ್ಕೂ ಜಾಸ್ತಿ ನಾಕೌಟ್. ಆಮೇಲೆ ಬಡ ಹುಡುಗರಿಗೆ ಬಾಕ್ಸಿಂಗ್ ಕಲಿಸಿದ. 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಅಲಿ ವಿರುದ್ಧ ಆಗಿನ ಹೆವಿವೇಯ್ಟ್ ಚಾಂಪಿಯನ್ ಜಾರ್ಜ್ ಫೋರ್‌ಮನ್ ಕಡೆ ನಿಂತಿದ್ದ. ಪಾತ್ರೆ ತೊಳೆಯದ ಹುಡುಗನೇ ಅಲ್ಲೂ ಗೆದ್ದ.

"ತೀರಿಕೊಂಡದ್ದು ಯಾವಾಗ?" ಸ್ವಾಮಿಯ ಪೆನ್ನು ಇನ್ನೂ ಕೈಯಲ್ಲೇ ಇತ್ತು.

"1998, ಡಿಸೆಂಬರ್ 9, ಸ್ಯಾನ್ ಡಿಯಾಗೋದಲ್ಲಿ. ಹುಟ್ಟುಹಬ್ಬ ಡಿಸೆಂಬರ್ 13ಕ್ಕೆ. ನಾಲ್ಕು ದಿನ ಬಾಕಿ ಇತ್ತು."

ಸ್ವಾಮಿ ಟಿಶ್ಯೂ ಪೇಪರಿನ ಮೇಲೆ ಕಳೆದು ನೋಡಿದ. "81. ಇಲ್ಲಾ 84. ಇವನ ಪೆನ್ಷನ್ ಫೈಲು ಯಾರ ಟೇಬಲ್ಲಿಗೆ ಬಂದಿತ್ತೋ ಪಾಪ!"

ಅಷ್ಟರಲ್ಲಿ ಸಪ್ಲೈಯರ್ ಹುಡುಗ ಬಿಲ್ ಬರೆಯಲು ಬಂದ. ಈ ಸಲ ಮೇಷ್ಟ್ರ ಕೈಗಳನ್ನೇ ನೋಡುತ್ತಾ ಸ್ವಲ್ಪ ದೂರದಲ್ಲೇ ನಿಂತ.

"ವಡೆ ಎಷ್ಟು ಸಾರ್?"

"ಮೂರು," ಅಂದ ಜಯಣ್ಣ.

ಹುಡುಗ ಜಯಣ್ಣನ ಮುಂದಿದ್ದ ತಟ್ಟೆಗಳನ್ನೂ, ಮೇಷ್ಟ್ರ ಖಾಲಿ ತಟ್ಟೆಯನ್ನೂ ನೋಡಿದ. "ನಾಲ್ಕು ಸಾರ್."

ಮೇಷ್ಟ್ರು ಆಗಷ್ಟೇ ತಮ್ಮ ತಟ್ಟೆ ನೋಡಿಕೊಂಡರು.